ಕಬ್ಬಿನ ತೂಕ ಅಥವಾ ಸಕ್ಕರೆ ಅಂಶ ಕುಸಿದಾಗ: ಹವಾಮಾನದ ಪಾತ್ರವನ್ನು ಪತ್ತೆ ಮಾಡುವ ಕ್ರಮ

ಕಬ್ಬು ನಿರೀಕ್ಷಿಸಿದಷ್ಟು ತೂಗದಿದ್ದಾಗ ಅಥವಾ ರಸದಲ್ಲಿ ಸಕ್ಕರೆ ಕಡಿಮೆ ಬಂದಾಗ, ಈ ಸಲ ಹವಾಮಾನ ಕೈಕೊಟ್ಟಿತು ಎಂದು ಹೇಳಿ ವಿಚಾರವನ್ನು ಅಲ್ಲಿಗೇ ಬಿಡುವುದು ರೂಢಿಯಾಗಿದೆ. ಆ ಮಾತು ಎಷ್ಟೋ ಸಲ ನಿಜವೇ ಆಗಿದ್ದರೂ ಅದರಿಂದ ಮುಂದಿನ ಬೆಳೆಗೆ ಯಾವ ಪ್ರಯೋಜನವೂ ಇಲ್ಲ. ಮಳೆಯೋ, ಚಳಿಯೋ, ಮೋಡವೋ, ಬೆಳೆಯ ಯಾವ ಹಂತದಲ್ಲಿ ಬಂದು ಏನನ್ನು ಕೆಡಿಸಿತು ಎಂಬುದು ಗೊತ್ತಾದಾಗ ಮಾತ್ರ ಮುಂದೆ ಏನು ಮಾಡಬೇಕೆಂಬುದು ಹೊಳೆಯುತ್ತದೆ. ಈ ಕೈಪಿಡಿಯ ಉದ್ದೇಶ ಅಷ್ಟೇ: ಹೊಲದಲ್ಲಿ ನಿಂತಿರುವ ಕಬ್ಬನ್ನೂ ಅದರ ರಸವನ್ನೂ ನೋಡಿ, ದೋಷದ ಮೂಲವನ್ನು ಹಂತ ಹಂತವಾಗಿ ಹುಡುಕುವುದು.

ದೋಷ ಯಾವುದೆಂದು ಮೊದಲು ಬೇರ್ಪಡಿಸಿ

ತೂಕದ ಕೊರತೆ ಮತ್ತು ಸಕ್ಕರೆಯ ಕೊರತೆ ಎರಡು ಬೇರೆ ದೋಷಗಳು. ಇವೆರಡನ್ನೂ ಒಂದೇ ಎಂದು ಭಾವಿಸಿ ಪರಿಹಾರ ಹುಡುಕಲು ಹೊರಟರೆ ದಾರಿ ತಪ್ಪುವುದು ಖಚಿತ, ಏಕೆಂದರೆ ಕಬ್ಬಿನಲ್ಲಿ ಬೆಳವಣಿಗೆಗೆ ಹಿತವಾದ ಹವಾಮಾನವೇ ಸಕ್ಕರೆಯ ಶೇಖರಣೆಗೆ ಅಹಿತವಾಗಿರುತ್ತದೆ. ಬೆಚ್ಚನೆಯ ಹಗಲು, ಬೆಚ್ಚನೆಯ ರಾತ್ರಿ, ಧಾರಾಳ ನೀರು ಮತ್ತು ಶೇಕಡಾ 80–85ರ ಆಸುಪಾಸಿನ ಗಾಳಿಯ ತೇವಾಂಶ ಇದ್ದಾಗ ಕಾಂಡವು ದಿನಕ್ಕೆ 2–3 ಸೆಂ.ಮೀ. ವರೆಗೂ ನೀಳವಾಗಬಲ್ಲದು. ಆಗ ಎಲೆಗಳು ತಯಾರಿಸಿದ ಸಕ್ಕರೆಯ ಬಹುಪಾಲು ಹೊಸ ಎಲೆ, ಹೊಸ ಗಣಿಕೆ (ಎರಡು ಗೆಣ್ಣುಗಳ ನಡುವಿನ ಭಾಗ), ಹೊಸ ಬೇರುಗಳಿಗೆ ಖರ್ಚಾಗುತ್ತದೆ. ಅದೇ ಕಬ್ಬು ಮಾಗುವ ಕಾಲಕ್ಕೆ ಬಿಸಿಲಿನ ಹಗಲು, 12–14 ಡಿಗ್ರಿ ಸೆಲ್ಸಿಯಸ್ ವರೆಗೆ ಇಳಿಯುವ ತಂಪು ರಾತ್ರಿ, ಕಡಿಮೆಯಾಗುತ್ತ ಹೋಗುವ ಮಣ್ಣಿನ ತೇವ ಹಾಗೂ ಒಣಹವೆ ಬೇಕು. ಹಗಲಿನಲ್ಲಿ ಎಲೆ ದುಡಿಯುತ್ತಿರಬೇಕು, ಸುಳಿ ಮಾತ್ರ ಬೆಳೆಯುವುದನ್ನು ನಿಲ್ಲಿಸಿರಬೇಕು. ಹಾಗಾದಾಗ ಖರ್ಚಾಗದ ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆ, ಗಣಿಕೆಯಲ್ಲಿ ಉಳಿಯುತ್ತದೆ.

ಆದ್ದರಿಂದ ಮೊದಲ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಬೇಕು: ಕಬ್ಬು ಹಗುರವಾಗಿದ್ದು ರಸ ಸಿಹಿಯಾಗಿದೆಯೇ? ಭಾರವಾಗಿದ್ದು ರಸ ಸಪ್ಪೆಯಾಗಿದೆಯೇ? ಎರಡೂ ಕುಸಿದಿವೆಯೇ? ಅಥವಾ ಹೊಲದಲ್ಲಿ ಅಳತೆ ಚೆನ್ನಾಗಿ ಬಂದು ಪ್ರಯೋಗಾಲಯದಲ್ಲಿ ಮಾತ್ರ ಕಡಿಮೆ ಬಂದಿತೇ? ಮೊದಲನೆಯದಾದರೆ ಬೆಳವಣಿಗೆಯ ಕಾಲದ ಹವಾಮಾನವನ್ನು ತಪಾಸಣೆ ಮಾಡಬೇಕು. ಎರಡನೆಯದಾದರೆ ಕಟಾವಿಗೆ ಹಿಂದಿನ ಎರಡು ತಿಂಗಳುಗಳನ್ನು. ಮೂರನೆಯದಾದರೆ ಗಾಳಿ, ನಿಂತ ನೀರು, ಹಿಮ ಅಥವಾ ರೋಗವನ್ನು. ನಾಲ್ಕನೆಯದಾದರೆ ಅಳತೆಯ ವಿಧಾನವನ್ನೂ ಕಡಿದ ನಂತರದ ವಿಳಂಬವನ್ನೂ.

ಕಾಂಡದಲ್ಲಿರುವ ದಾಖಲೆ

ಹವಾಮಾನದ ಅಂಕಿಅಂಶ ಕೈಯಲ್ಲಿಲ್ಲದಿದ್ದರೂ ಕಬ್ಬಿನ ಕಾಂಡವೇ ತನ್ನ ಹಿಂದಿನ ತಿಂಗಳುಗಳ ದಿನಚರಿಯನ್ನು ಹೊತ್ತು ನಿಂತಿರುತ್ತದೆ. ಎರಡು ಗೆಣ್ಣುಗಳ ನಡುವಿನ ಗಣಿಕೆ ಒಮ್ಮೆ ಬೆಳೆದು ಗಟ್ಟಿಯಾದ ಮೇಲೆ ಮತ್ತೆ ಉದ್ದವಾಗುವುದಿಲ್ಲ. ಹಾಗಾಗಿ ಅದು ಬೆಳೆಯುತ್ತಿದ್ದಾಗ ನೀರು, ಶಾಖ ಎಷ್ಟಿತ್ತು ಎಂಬುದು ಅದರ ಉದ್ದದಲ್ಲಿಯೇ ಉಳಿದುಬಿಡುತ್ತದೆ. ಬೆಚ್ಚನೆಯ ಕಾಲದಲ್ಲಿ ಸುಮಾರು ಒಂದರಿಂದ ಒಂದೂವರೆ ವಾರಕ್ಕೆ ಒಂದು ಎಲೆ, ಅದರೊಂದಿಗೆ ಒಂದು ಗಣಿಕೆ ಮೂಡುತ್ತದೆ. ತಂಪಿನ ಕಾಲದಲ್ಲಿ ಇದಕ್ಕೆ ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಹೊಲದ ಅಂಚನ್ನು ಬಿಟ್ಟು, ಒಳಗಿನ ಬೇರೆ ಬೇರೆ ಸಾಲುಗಳಿಂದ ಹತ್ತು ಹನ್ನೆರಡು ಕಬ್ಬುಗಳನ್ನು ಬುಡದಲ್ಲಿಯೇ ಕಡಿದು, ರವದಿ (ಒಣಗಿದ ಎಲೆ) ಸುಲಿದು, ಬುಡಗಳನ್ನು ಸರಿಯಾಗಿ ಜೋಡಿಸಿ ನೆಲದ ಮೇಲೆ ಒಂದರ ಪಕ್ಕ ಒಂದು ಮಲಗಿಸಿ. ಈಗ ಗಿಡ್ಡ ಗಣಿಕೆಗಳು ಎಲ್ಲಿ ಬಂದಿವೆ ಎಂದು ನೋಡಿ. ಎಲ್ಲ ಕಬ್ಬುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಮೂರು ನಾಲ್ಕು ಗಣಿಕೆಗಳು ಗಿಡ್ಡವಾಗಿ ಒತ್ತೊತ್ತಾಗಿದ್ದು, ಅವುಗಳ ಕೆಳಗೂ ಮೇಲೂ ಉದ್ದನೆಯ ಗಣಿಕೆಗಳಿದ್ದರೆ, ಆ ಅವಧಿಯಲ್ಲಿ ನೀರಿನ ಕೊರತೆಯೋ ಚಳಿಯೋ ಬಂದು ಹೋಗಿದೆ ಎಂದು ಧೈರ್ಯವಾಗಿ ಹೇಳಬಹುದು. ತುದಿಯಿಂದ ಕೆಳಕ್ಕೆ ಗಣಿಕೆಗಳನ್ನು ಎಣಿಸಿದರೆ ಆ ಅವಧಿ ಯಾವ ತಿಂಗಳಿನದು ಎಂಬ ಅಂದಾಜೂ ಸಿಗುತ್ತದೆ. ಅದಕ್ಕೆ ಬದಲಾಗಿ, ಕೆಲವು ಮೊದೆಗಳಲ್ಲಿ (ಒಂದೇ ಬುಡದಿಂದ ಎದ್ದ ಕಬ್ಬಿನ ಗುಂಪುಗಳಲ್ಲಿ) ಮಾತ್ರ ಬುಡದಿಂದ ತುದಿಯವರೆಗೂ ಎಲ್ಲ ಗಣಿಕೆಗಳೂ ಗಿಡ್ಡವಾಗಿದ್ದು ಪಕ್ಕದ ಮೊದೆಗಳು ಸರಿಯಾಗಿದ್ದರೆ ಅದು ಹವಾಮಾನದ ಗುರುತಲ್ಲ. ಹವಾಮಾನವು ಹೊಲವನ್ನು ಒಟ್ಟಾಗಿ ಮುಟ್ಟುತ್ತದೆ. ಒಂದು ಮೊದೆಯನ್ನು ಹಿಡಿದು ಇನ್ನೊಂದನ್ನು ಬಿಡುವುದು ಸಾಮಾನ್ಯವಾಗಿ ರೋಗ, ಕೀಟ ಅಥವಾ ಮಣ್ಣಿನ ದೋಷ. ಕಡಿದ ಬುಡದಿಂದ ಮತ್ತೆ ಚಿಗುರಿಸಿದ ಕುಳೆ ಬೆಳೆಯಲ್ಲಿ ಹೀಗೆ ಅಸಮವಾಗಿ ಕುಂಠಿತಗೊಂಡ ಮೊದೆಗಳು ಕಂಡರೆ ಕುಳೆ ಕುಬ್ಜ ರೋಗವನ್ನು ಮೊದಲು ಶಂಕಿಸಬೇಕು.

ತೂಕ ಕಡಿಮೆಯಾಗಿದ್ದರೆ

ಕಬ್ಬಿನ ಸಂಖ್ಯೆಯೇ ಕಡಿಮೆಯಿದೆಯೋ ಅಥವಾ ಸಂಖ್ಯೆ ಸರಿಯಿದ್ದು ಪ್ರತಿ ಕಬ್ಬೂ ಹಗುರವಾಗಿದೆಯೋ ಎಂಬುದನ್ನು ನೋಡಬೇಕು. ಸಂಖ್ಯೆ ಕಡಿಮೆಯಿದ್ದರೆ ದೋಷವು ನಾಟಿಯ ನಂತರದ ಮೊದಲ ಕೆಲವು ತಿಂಗಳುಗಳಿಗೆ ಸೇರಿದ್ದು. ಕಬ್ಬಿನ ಕಣ್ಣು ಚೆನ್ನಾಗಿ ಮೊಳೆಯಲು 32–38 ಡಿಗ್ರಿಯ ಶಾಖ ಹಿತಕರ. 20 ಡಿಗ್ರಿಗಿಂತ ಕೆಳಗೆ ಮೊಳಕೆ ತೀರ ನಿಧಾನವಾಗುತ್ತದೆ, ತೆಂಡೆ (ಬುಡದ ಮರಿಗಳು) ಒಡೆಯುವುದೂ ಮಂದವಾಗುತ್ತದೆ. ಮಣ್ಣು ತಂಪಾಗಿದ್ದು ಒದ್ದೆಯಾಗಿಯೂ ಇದ್ದರೆ ಬಿತ್ತನೆ ತುಂಡು ಮೊಳೆಯುವ ಮೊದಲೇ ಶಿಲೀಂಧ್ರಕ್ಕೆ ತುತ್ತಾಗುತ್ತದೆ. ಮೊಳಕೆ ಬಾರದ ಜಾಗದಲ್ಲಿ ತುಂಡನ್ನು ಅಗೆದು ಉದ್ದಕ್ಕೆ ಸೀಳಿ ನೋಡಿ: ಒಳಭಾಗ ಕೆಂಪಗಾಗಿ ಅಥವಾ ಕಪ್ಪಾಗಿ, ಮಾಗಿದ ಅನಾನಸ್ ಹಣ್ಣಿನ ವಾಸನೆ ಬಂದರೆ ಅದು ಅನಾನಸ್ ರೋಗ. ಅಲ್ಲಿ ಚಳಿ ಮತ್ತು ತೇವ ದಾರಿ ಮಾಡಿಕೊಟ್ಟಿವೆ, ಶಿಲೀಂಧ್ರ ಕೆಲಸ ಮುಗಿಸಿದೆ. ಮುಂದಿನ ನಾಟಿಯನ್ನು ಮಣ್ಣು ಬೆಚ್ಚಗಾದ ಮೇಲೆ ಮಾಡುವುದು, ತುಂಡುಗಳನ್ನು ಶಿಲೀಂಧ್ರನಾಶಕದಲ್ಲಿ ಅದ್ದಿ ನೆಡುವುದು, ನೀರು ನಿಲ್ಲದಂತೆ ನೋಡಿಕೊಳ್ಳುವುದು, ಈ ಮೂರೂ ಒಟ್ಟಿಗೆ ಆಗಬೇಕು.

ಸಂಖ್ಯೆ ಸರಿಯಿದ್ದು ಕಬ್ಬು ಗಿಡ್ಡವಾಗಿದ್ದರೆ, ಮೇಲೆ ಹೇಳಿದ ಗಣಿಕೆಯ ಪರೀಕ್ಷೆಯೇ ಸಾಕಷ್ಟು ಉತ್ತರ ಕೊಡುತ್ತದೆ. ಕಬ್ಬಿಗೆ ಅದರ ಅವಧಿ ಮತ್ತು ಪ್ರದೇಶಕ್ಕೆ ತಕ್ಕಂತೆ ಒಟ್ಟು 1,500ರಿಂದ 2,500 ಮಿ.ಮೀ. ನೀರು ಬೇಕು. ಆದರೆ ಒಟ್ಟು ಮಳೆಯ ಅಂಕಿಯನ್ನು ನೋಡಿ ಸಮಾಧಾನಪಡುವುದು ಸರಿಯಲ್ಲ. ಕಾಂಡ ಭರದಿಂದ ನೀಳವಾಗುವ ತಿಂಗಳುಗಳಲ್ಲಿ ಬಂದ ಮೂರು ವಾರದ ಬರವು, ಆಮೇಲೆ ಎಷ್ಟು ಮಳೆ ಸುರಿದರೂ ತುಂಬಿಕೊಡಲಾಗದ ನಷ್ಟವನ್ನು ಮಾಡುತ್ತದೆ. ಬರಕ್ಕೆ ಮೊದಲು ಸೋಲುವುದು ಗಣಿಕೆಯ ನೀಳುವಿಕೆ, ಎಲೆಯ ದ್ಯುತಿಸಂಶ್ಲೇಷಣೆಯಲ್ಲ. ಎಲೆ ಸುರುಳಿ ಸುತ್ತಿಕೊಳ್ಳುವ ಹೊತ್ತಿಗೆ ಕಾಂಡದ ಬೆಳವಣಿಗೆ ಆಗಲೇ ಕುಗ್ಗಿರುತ್ತದೆ. ಆದ್ದರಿಂದ ಎಲೆ ಸುರುಳಿಯಾದ ಮೇಲೆ ನೀರು ಕೊಡುವ ಅಭ್ಯಾಸವಿದ್ದರೆ ಆ ಅಭ್ಯಾಸವನ್ನೇ ದೋಷದ ಪಟ್ಟಿಗೆ ಸೇರಿಸಬೇಕು. ಎಲೆಯ ಮೇಲೆ ಒಂದೇ ಎತ್ತರದಲ್ಲಿ ಅಡ್ಡಕ್ಕೆ ಬಿಳಿಚಿದ ಪಟ್ಟಿಗಳು ಕಂಡರೆ, ಆ ಎಲೆ ಸುಳಿಯೊಳಗೆ ಇದ್ದಾಗ ಚಳಿ ತಗುಲಿದೆ ಎಂದರ್ಥ. ಇದನ್ನು ಪೋಷಕಾಂಶದ ಕೊರತೆ ಎಂದು ತಿಳಿದು ಗೊಬ್ಬರ ಸುರಿಯುವುದು ವ್ಯರ್ಥ. ಕಬ್ಬಿಣದ ಕೊರತೆಯ ಬಿಳಿಚುವಿಕೆ ಎಳೆ ಎಲೆಗಳಲ್ಲಿ ನರಗಳ ನಡುವೆ ಉದ್ದುದ್ದಕ್ಕೆ ಬರುತ್ತದೆ, ಅಡ್ಡಕ್ಕಲ್ಲ.

ಮೋಡದ ದೋಷ ಇದಕ್ಕಿಂತ ಸೂಕ್ಷ್ಮ. ಕಬ್ಬು ಸಿ4 ಎಂಬ ದ್ಯುತಿಸಂಶ್ಲೇಷಣೆಯ ಮಾರ್ಗದಲ್ಲಿ ಇಂಗಾಲವನ್ನು ಹಿಡಿಯುವ ಸಸ್ಯ. ಈ ಮಾರ್ಗದ ಆರಂಭದ ಪ್ರಮುಖ ಸುಳಿವುಗಳು ಹವಾಯಿಯಲ್ಲಿ ಕಬ್ಬಿನ ಎಲೆಗಳ ಮೇಲೆ ನಡೆದ, 1965ರಲ್ಲಿ ಪ್ರಕಟವಾದ ಅಧ್ಯಯನದಿಂದ ದೊರೆತವು. ಇಂಥ ಸಸ್ಯ ಪ್ರಖರ ಬಿಸಿಲನ್ನೂ ಬಳಸಿಕೊಳ್ಳುತ್ತದೆ, ಆದ್ದರಿಂದ ಬಿಸಿಲು ಕಡಿಮೆಯಾದಷ್ಟೂ ಕಳೆದುಕೊಳ್ಳುತ್ತದೆ. ವಾರಗಟ್ಟಲೆ ಮೋಡ ಕವಿದರೆ ಕಾಂಡ ತೆಳ್ಳಗೆ, ಗಣಿಕೆ ಉದ್ದಕ್ಕೆ, ಎಲೆ ತಿಳಿಹಸಿರಾಗಿ, ತೆಂಡೆಗಳು ಹೆಚ್ಚಾಗಿ ಸತ್ತು ಹೋಗುತ್ತವೆ. ನೋಟಕ್ಕೆ ಎತ್ತರವಾದ ಕಬ್ಬು ತೂಕಕ್ಕೆ ಬಾರದಿದ್ದರೆ ಮೊದಲು ಕಾಂಡದ ದಪ್ಪವನ್ನು ಅಳೆಯಿರಿ.

ತೂಕವಿದ್ದು ಸಕ್ಕರೆ ಇಲ್ಲದಿದ್ದರೆ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ಕಟಾವಿಗೆ ಸಿದ್ಧವಾಗುತ್ತಿದ್ದ ಹೊಲದಲ್ಲಿ ಅಕಾಲ ಮಳೆ ಬಿದ್ದು ಒಂದು ವಾರದ ನಂತರ ರಸದ ಸಾಂದ್ರತೆಯ ಅಳತೆಯಾದ ಬ್ರಿಕ್ಸ್ ಎರಡು ಅಂಶ ಇಳಿದಿದೆ ಎಂದಿಟ್ಟುಕೊಳ್ಳೋಣ. ಸಕ್ಕರೆ ನಾಶವಾಯಿತೇ, ಅಥವಾ ರಸ ನೀರಾಯಿತೇ? ಎರಡೂ ಸಾಧ್ಯ, ಎರಡಕ್ಕೂ ಮಾಡಬೇಕಾದದ್ದು ಬೇರೆ.

ಬ್ರಿಕ್ಸ್ ಎಂದರೆ ರಸದಲ್ಲಿ ಕರಗಿರುವ ಎಲ್ಲ ಘನಪದಾರ್ಥಗಳ ಪ್ರಮಾಣ. ಅದರಲ್ಲಿ ಸುಕ್ರೋಸ್‌ನ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್, ಲವಣಗಳು ಎಲ್ಲವೂ ಸೇರುತ್ತವೆ. ಪೋಲ್ ಎಂಬುದು ಧ್ರುವೀಕೃತ ಬೆಳಕನ್ನು ರಸ ಎಷ್ಟು ತಿರುಗಿಸುತ್ತದೆ ಎಂಬುದರಿಂದ ಸಿಗುವ ಸುಕ್ರೋಸ್‌ನ ಅಂದಾಜು. ಬ್ರಿಕ್ಸ್‌ನಲ್ಲಿ ಪೋಲ್‌ನ ಪಾಲು ಶೇಕಡಾ ಎಷ್ಟು ಎಂಬುದೇ ಶುದ್ಧತೆ. ದೋಷದ ಪತ್ತೆಗೆ ಬೇಕಾದದ್ದು ಈ ಮೂರನೆಯ ಅಂಕಿ.

ಒಂದು ಲೆಕ್ಕ ನೋಡಿ. 100 ಗ್ರಾಂ ರಸದಲ್ಲಿ ಬ್ರಿಕ್ಸ್ 18, ಪೋಲ್ 15 ಇದ್ದರೆ ಶುದ್ಧತೆ 83.3. ಬರದಿಂದ ಈ ರಸದ 10 ಗ್ರಾಂ ನೀರು ಆರಿಹೋಯಿತು ಎನ್ನಿ. ಆಗ ಬ್ರಿಕ್ಸ್ 20ಕ್ಕೆ, ಪೋಲ್ 16.7ಕ್ಕೆ ಏರುತ್ತದೆ, ಶುದ್ಧತೆ ಮಾತ್ರ 83.3ರಲ್ಲಿಯೇ ನಿಲ್ಲುತ್ತದೆ. ಅಂದರೆ ಒಂದು ಗ್ರಾಂ ಸಕ್ಕರೆಯೂ ಹೆಚ್ಚಾಗಿಲ್ಲ, ಮೀಟರಿನ ಅಂಕಿ ಮಾತ್ರ ಹೆಚ್ಚಾಗಿದೆ. ಒಣಗುತ್ತಿರುವ ಕಬ್ಬನ್ನು ಮಾಗಿದ ಕಬ್ಬು ಎಂದು ತಪ್ಪಾಗಿ ತಿಳಿಯುವುದು ಹೀಗೆ. ಮಳೆಯ ನಂತರ ಇದರ ತಿರುವುಮುರುವು ನಡೆಯುತ್ತದೆ: ಬ್ರಿಕ್ಸ್, ಪೋಲ್ ಎರಡೂ ಇಳಿದು ಶುದ್ಧತೆ ಉಳಿದರೆ ರಸ ತೆಳುವಾಗಿದೆ ಅಷ್ಟೇ.

ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆದಾಗ ಸಂಗತಿ ಬೇರೆಯಾಗುತ್ತದೆ. ಮೇಲಿನ ಅದೇ ರಸದಲ್ಲಿ ಒಂದು ಗ್ರಾಂ ಸುಕ್ರೋಸ್ ಒಡೆದರೆ ಬ್ರಿಕ್ಸ್ ಇದ್ದಲ್ಲೇ ಇರುತ್ತದೆ, ಏಕೆಂದರೆ ಒಡೆದ ಸಕ್ಕರೆಗಳೂ ಕರಗಿಯೇ ಇರುತ್ತವೆ. ಆದರೆ ಒಡೆದ ಮಿಶ್ರಣವು ಬೆಳಕನ್ನು ವಿರುದ್ಧ ದಿಕ್ಕಿಗೆ ತಿರುಗಿಸುವುದರಿಂದ ಪೋಲ್ ಒಂದಕ್ಕಿಂತ ಹೆಚ್ಚು ಇಳಿದು ಸುಮಾರು 13.7ಕ್ಕೆ ಬರುತ್ತದೆ, ಶುದ್ಧತೆ 76ರ ಹತ್ತಿರಕ್ಕೆ ಕುಸಿಯುತ್ತದೆ. ಹೊಲದಲ್ಲಿ ಬ್ರಿಕ್ಸ್ ಅಳೆಯಲು ಹಿಡಿಯುವ ಕೈ ಉಪಕರಣವಾದ ರಿಫ್ರ್ಯಾಕ್ಟೋಮೀಟರಿಗೆ ಈ ನಷ್ಟ ಕಾಣುವುದೇ ಇಲ್ಲ. ಆದ್ದರಿಂದ ಹೊಲದ ಬ್ರಿಕ್ಸ್ ಮತ್ತು ಪ್ರಯೋಗಾಲಯದ ಪೋಲ್ ಪರಸ್ಪರ ಹೊಂದದಿದ್ದಾಗ, ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವ ಮೊದಲು ಶುದ್ಧತೆಯ ಅಂಕಿಯನ್ನು ಕೇಳಿ ಪಡೆಯಬೇಕು. ಈ ಒಂದು ಅಂಕಿ ಬೆಳೆಗಾರನ ಕೈಗೂ ಸಿಗುವಂತಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊಲದಲ್ಲಿ ನಿಂತ ಕಬ್ಬಿನಲ್ಲಿ ಹೀಗೆ ಒಡೆಯುವ ಕೆಲಸವನ್ನು ಇನ್ವರ್ಟೇಸ್ ಎಂಬ ಕಿಣ್ವ ಮಾಡುತ್ತದೆ. ಬೆಳೆಯುತ್ತಿರುವ ಎಳೆಯ ಗಣಿಕೆಗಳಲ್ಲಿ ಇದರ ಚಟುವಟಿಕೆ ಹೆಚ್ಚು, ಮಾಗಿದ ಗಣಿಕೆಗಳಲ್ಲಿ ಕಡಿಮೆ. ಮಾಗುತ್ತಿದ್ದ ಕಬ್ಬಿಗೆ ಮಳೆಯೂ ಬೆಚ್ಚನೆಯ ರಾತ್ರಿಯೂ ಸಿಕ್ಕರೆ ಸುಳಿ ಮತ್ತೆ ಎಚ್ಚೆತ್ತು, ಕೂಡಿಟ್ಟ ಸಕ್ಕರೆಯನ್ನು ಒಡೆದು ಬಳಸಿಕೊಳ್ಳಲು ತೊಡಗುತ್ತದೆ. ಬುಡದಲ್ಲಿ ದಪ್ಪನೆಯ, ರಸಭರಿತ, ಸಪ್ಪೆಯಾದ ನೀರು ಕುಡಿಗಳು ಹೊಸದಾಗಿ ಹೊರಟಿದ್ದರೆ ಅದೂ ಇದೇ ಸೂಚನೆ. ಇದನ್ನು ಅಳೆಯುವ ಸರಳ ಉಪಾಯವಿದೆ. ಕೆಲವು ಕಬ್ಬುಗಳ ಪಕ್ಕದಲ್ಲಿ ಗೂಟ ನೆಟ್ಟು, ಗೂಟದ ಗುರುತಿನಿಂದ ಮೇಲ್ತುದಿಯ ಪೂರ್ಣ ಬಿಚ್ಚಿದ ಎಲೆಯ ಕೊರಳಿನವರೆಗೆ, ಅಂದರೆ ಎಲೆಯೂ ಎಲೆಕವಚವೂ ಸೇರುವ ಜಾಗದವರೆಗೆ, ಅಳೆದು ಬರೆದಿಡಿ. ಹತ್ತು ದಿನಗಳ ನಂತರ ಮತ್ತೆ ಅಳೆಯಿರಿ. ಎತ್ತರ ಬದಲಾಗದೆ ಬ್ರಿಕ್ಸ್ ಮಾತ್ರ ಇಳಿದಿದ್ದರೆ ಮಣ್ಣು ಆರುವವರೆಗೆ ಕಾಯಿರಿ, ಅಂಕಿ ಮರಳಿ ಏರುತ್ತದೆ. ಎತ್ತರ ಸ್ಪಷ್ಟವಾಗಿ ಹೆಚ್ಚಿದ್ದರೆ ಕಬ್ಬು ಬೆಳವಣಿಗೆಗೆ ಹಿಂದಿರುಗಿದೆ. ನೀರನ್ನು ಪೂರ್ತಿ ನಿಲ್ಲಿಸಿ, ಬಸಿಗಾಲುವೆ ತೆರೆದು, ಹೊಸದಾಗಿ ಮಾಗಲು ಹಲವು ವಾರಗಳ ಕಾಲಾವಕಾಶ ಕೊಡಬೇಕು. ಅಷ್ಟು ಸಮಯ ಇಲ್ಲದಿದ್ದರೆ ಕಡಿಯುವಾಗ ಸುಳಿಯನ್ನು ಇನ್ನಷ್ಟು ಕೆಳಗೆ ಕತ್ತರಿಸಿ ಎಳೆಯ ಗಣಿಕೆಗಳನ್ನು ಬಿಟ್ಟುಬಿಡುವುದು ಒಳ್ಳೆಯದು.

ಹವಾಮಾನಕ್ಕೆ ಜೊತೆಯಾಗುವ ಮಾನವ ಕೈವಾಡವನ್ನೂ ಇಲ್ಲಿ ಮರೆಯಬಾರದು. ತಡವಾಗಿ ಕೊಟ್ಟ ಸಾರಜನಕ, ಕಟಾವಿನವರೆಗೂ ನಿಲ್ಲಿಸದ ನೀರು, ಇವೆರಡೂ ಬೆಚ್ಚನೆಯ, ಮೋಡದ ಮಾಗುವ ಕಾಲದಂತೆಯೇ ವರ್ತಿಸುತ್ತವೆ. ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ ಕಟಾವಿಗೆ ಎರಡು ಮೂರು ವಾರ ಮೊದಲು ನೀರು ನಿಲ್ಲಿಸಿದರೆ ಸಾಕು. ನೀರು ಹಿಡಿದಿಡುವ ಜೇಡಿಮಣ್ಣಿನಲ್ಲಿ ಒಂದು ತಿಂಗಳಿಗೂ ಹೆಚ್ಚು ಬೇಕಾಗುತ್ತದೆ.

ಬ್ರಿಕ್ಸ್ ಅಳೆಯುವಾಗ

ತಪ್ಪು ಅಳತೆಯಿಂದ ಹುಟ್ಟಿದ ದೋಷವನ್ನು ಹವಾಮಾನದ ಮೇಲೆ ಹೊರಿಸುವುದು ಅಪರೂಪವಲ್ಲ. ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಭಟ್ಟಿ ಇಳಿಸಿದ ನೀರಿನ ಹನಿ ಹಾಕಿ ಸೊನ್ನೆ ತೋರಿಸುತ್ತದೆಯೇ ಎಂದು ಪರೀಕ್ಷಿಸಿ. ಉಷ್ಣತೆಯನ್ನು ತಾನಾಗಿ ಸರಿಪಡಿಸದ ಉಪಕರಣವಾದರೆ ಅದು 20 ಡಿಗ್ರಿಗೆ ಹೊಂದಿಸಿದ್ದು. 30 ಡಿಗ್ರಿಯಲ್ಲಿ ನೋಡಿದ ಅಂಕಿಗೆ ಸುಮಾರು 0.8 ಕೂಡಿಸಬೇಕು. ಕಬ್ಬಿನ ಬುಡದ ಎರಡನೆಯ ಅಥವಾ ಮೂರನೆಯ ಗಣಿಕೆ, ನಡುವಿನ ಒಂದು, ಮತ್ತು ಸುಳಿ ಸುಲಭವಾಗಿ ಮುರಿಯುವ ಜಾಗದ ಕೆಳಗಿನ ಒಂದು ಗಣಿಕೆ, ಹೀಗೆ ಮೂರು ಕಡೆ ಗಣಿಕೆಯ ಮಧ್ಯಕ್ಕೆ ಚುಚ್ಚಿ ರಸ ತೆಗೆಯಿರಿ. ಪ್ರತಿ ಸಲವೂ ಗಾಜನ್ನು ನೀರಿನಿಂದ ತೊಳೆದು ಒರೆಸಿ. ತುದಿಯ ಬ್ರಿಕ್ಸನ್ನು ಬುಡದ ಬ್ರಿಕ್ಸಿನಿಂದ ಭಾಗಿಸಿದಾಗ ಉತ್ತರ ಒಂದಕ್ಕೆ ಹತ್ತಿರವಾದಷ್ಟೂ ಕಬ್ಬು ಮಾಗಿದೆ. ಬುಡ ಸಿಹಿಯಾಗಿದ್ದು ತುದಿ ಬಹಳ ಹಿಂದೆ ಉಳಿದಿದ್ದರೆ ಇನ್ನೂ ಬೆಳೆಯುತ್ತಿದೆ. ತುದಿಗಿಂತ ಬುಡವೇ ಸಪ್ಪೆಯಾಗತೊಡಗಿದರೆ ಮಾಗುವ ಕಾಲ ಮೀರಿದೆ. ಮಳೆ ಬಂದ ಅಥವಾ ನೀರು ಹಾಯಿಸಿದ ಮರುದಿನದ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡೂ ಕುಸಿದಿದ್ದರೆ

ಗಾಳಿಗೆ ಮಲಗಿದ ಕಬ್ಬಿನಲ್ಲಿ ಎಲೆಗಳು ಒಂದರ ನೆರಳಿನಲ್ಲಿ ಒಂದು ಸಿಕ್ಕಿ ದ್ಯುತಿಸಂಶ್ಲೇಷಣೆ ಕುಂದುತ್ತದೆ, ಬೇರು ಕಿತ್ತು ನೀರಿನ ಪೂರೈಕೆ ತಪ್ಪುತ್ತದೆ, ತುದಿ ಮತ್ತೆ ಮೇಲೇಳಲು ಹೊಸ ಬೆಳವಣಿಗೆಗೆ ಸಕ್ಕರೆ ಖರ್ಚಾಗುತ್ತದೆ, ನೆಲ ಮುಟ್ಟಿದ ಕಣ್ಣುಗಳು ಮೊಳೆಯುತ್ತವೆ, ಸೀಳಿದ ಜಾಗದಿಂದ ಸೂಕ್ಷ್ಮಜೀವಿಗಳು ಒಳಹೊಗುತ್ತವೆ. ಮಲಗಿದ ಭಾಗವನ್ನು ಮೊದಲು ಕಡಿಯುವುದಲ್ಲದೆ ಬೇರೆ ಒಳ್ಳೆಯ ಉಪಾಯವಿಲ್ಲ. ತಡೆಗಟ್ಟುವಿಕೆ ಇರುವುದು ಸಕಾಲದಲ್ಲಿ ಮಣ್ಣೇರಿಸುವುದರಲ್ಲಿ ಮತ್ತು ಕಬ್ಬನ್ನು ಜೋಡಿಸಿ ಕಟ್ಟುವುದರಲ್ಲಿ. ನೀರು ನಿಂತ ಹೊಲದಲ್ಲಿ ಗೆಣ್ಣುಗಳ ಸುತ್ತ ಗಾಳಿಬೇರುಗಳು ಬಂದಿರುತ್ತವೆ, ನೀರು ಎಷ್ಟು ಎತ್ತರಕ್ಕೆ ನಿಂತಿತ್ತು ಎಂಬುದನ್ನು ಅವೇ ತೋರಿಸುತ್ತವೆ.

ಹಿಮ ಬೀಳುವ ಪ್ರದೇಶಗಳಲ್ಲಿ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಎಲೆ ಸುಡುತ್ತದೆ, ಇನ್ನೂ ಇಳಿದರೆ ಸುಳಿ ಸಾಯುತ್ತದೆ, ಅದಕ್ಕಿಂತಲೂ ಇಳಿದರೆ ಕಾಂಡವೇ ಹೆಪ್ಪುಗಟ್ಟಿ ಸೀಳುತ್ತದೆ. ಕಾಂಡವನ್ನು ತುದಿಯಿಂದ ಉದ್ದಕ್ಕೆ ಸೀಳಿ, ಸುಳಿಯ ಮೊಗ್ಗು ಕಂದಾಗಿದೆಯೇ, ಗಣಿಕೆ ನೀರು ತುಂಬಿದಂತೆ ಪಾರದರ್ಶಕವಾಗಿದೆಯೇ ನೋಡಿ. ಹಿಮದ ನಂತರ ಚಳಿಯೇ ಮುಂದುವರಿದರೆ ರಸ ಸ್ವಲ್ಪ ಕಾಲ ತಡೆಯುತ್ತದೆ. ಬೆಚ್ಚಗಾದರೆ ಲ್ಯೂಕೋನೋಸ್ಟಾಕ್ ಬ್ಯಾಕ್ಟೀರಿಯಾ ಸುಕ್ರೋಸನ್ನು ಡೆಕ್ಸ್‌ಟ್ರಾನ್ ಎಂಬ ಅಂಟಾಗಿ ಪರಿವರ್ತಿಸುತ್ತದೆ. ಡೆಕ್ಸ್‌ಟ್ರಾನ್ ಬೆಳಕನ್ನು ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು ತಿರುಗಿಸುವುದರಿಂದ ಇಲ್ಲಿ ಪೋಲ್ ಕೂಡ ಇಲ್ಲದ ಸಕ್ಕರೆಯನ್ನು ಇದೆ ಎಂದು ತೋರಿಸಬಲ್ಲದು. ರಸ ಹುಳಿಯಾಗಿ, ಲೋಳೆಯಾಗಿ ಇದ್ದರೆ ಅಂಕಿಗಿಂತ ಅದನ್ನೇ ನಂಬಿ.

ಸೂಲಂಗಿ, ಅಂದರೆ ಕಬ್ಬಿನ ಹೂತೆನೆ, ಬಂದ ಹೊಲವನ್ನು ಕಂಡು ಕೂಡಲೇ ಗಾಬರಿಯಾಗಬೇಕಿಲ್ಲ. ಹಗಲಿನ ಉದ್ದ ಸುಮಾರು ಹನ್ನೆರಡೂವರೆ ಗಂಟೆಗೆ ಕುಗ್ಗುತ್ತ ಬರುವ ದಿನಗಳಲ್ಲಿ ತೇವವೂ ಹದವಾದ ರಾತ್ರಿಗಳೂ ಇದ್ದರೆ ಹೂವಿನ ಪ್ರಚೋದನೆಯಾಗುತ್ತದೆ. ರಾತ್ರಿ 18 ಡಿಗ್ರಿಗಿಂತ ಕೆಳಗಿಳಿದರೆ ಅದು ತಗ್ಗುತ್ತದೆ. ಹೂ ಬಂದ ಕಬ್ಬಿನಲ್ಲಿ ಹೊಸ ಎಲೆ ಬರುವುದಿಲ್ಲ, ಹಾಗಾಗಿ ಮೊದಲ ಕೆಲವು ವಾರ ಸಕ್ಕರೆ ಉಳಿಯಲೂಬಹುದು, ಏರಲೂಬಹುದು. ಮೇಲಿನ ಗಣಿಕೆಗಳನ್ನು ಅಡ್ಡಕ್ಕೆ ಕತ್ತರಿಸಿದಾಗ ನಡುವೆ ಬಿಳಿಯ ಬೆಂಡು ಕಾಣಿಸಿ, ಪಕ್ಕದ ಕಣ್ಣುಗಳು ಒಡೆಯತೊಡಗಿದರೆ ಇನ್ನು ಕಾಯಬಾರದು.

ಸೀಳಿದ ಕಾಂಡದಲ್ಲಿ ಕೆಂಪು ಬಣ್ಣದ ನಡುವೆ ಅಡ್ಡಲಾಗಿ ಬಿಳಿ ಮಚ್ಚೆಗಳಿದ್ದು ಹುಳಿ ಹೆಂಡದ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಆಗ ಹವಾಮಾನದ ವಿಚಾರಣೆಯನ್ನು ನಿಲ್ಲಿಸಿ, ಆ ಮೊದೆಗಳನ್ನು ಕಿತ್ತು ಸುಟ್ಟು, ಆ ಹೊಲದ ಕಬ್ಬನ್ನು ಬಿತ್ತನೆಗೆ ಬಳಸದಿರುವುದೇ ಮೊದಲ ಕೆಲಸ.

ಕೊನೆಯದಾಗಿ ಕಡಿದ ನಂತರದ ಹವಾಮಾನ. ಕಡಿದ ಕಬ್ಬು ಬಿಸಿಲಿನಲ್ಲಿ ನೀರು ಕಳೆದುಕೊಂಡು ಹಗುರವಾಗುತ್ತದೆ, ಒಳಗೆ ಸುಕ್ರೋಸ್ ಒಡೆಯುತ್ತಲೇ ಇರುತ್ತದೆ. ಶಾಖ ಹೆಚ್ಚಿದಷ್ಟೂ ಇದರ ವೇಗ ಹೆಚ್ಚು, ಸುಟ್ಟು ಕಡಿದ ಕಬ್ಬಿನಲ್ಲಿ ಇನ್ನೂ ಹೆಚ್ಚು. ಹೊಲದಲ್ಲಿ ನಿಂತಾಗ ಶುದ್ಧತೆ ಸರಿಯಿದ್ದು ನುರಿಸುವಾಗ ಕುಸಿದಿದ್ದರೆ ಕಡಿದ ಹೊತ್ತನ್ನೂ ನುರಿಸಿದ ಹೊತ್ತನ್ನೂ ಬರೆದಿಡಿ. ನಡುವಿನ ಅಂತರ 24 ಗಂಟೆ ದಾಟಿದ್ದರೆ ಮೊದಲು ಸರಿಪಡಿಸಬೇಕಾದದ್ದು ಸಾಗಣೆಯನ್ನು. ಅಲ್ಲಿಯವರೆಗೆ ಕಡಿದ ಕಬ್ಬನ್ನು ನೆರಳಿನಲ್ಲಿ ಒಟ್ಟಿ, ಮೇಲೆ ರವದಿ ಹೊದಿಸಿ, ನೀರು ಚಿಮುಕಿಸಿ ಇಡಿ.